ಬೆರಳು ತಟ್ಟಿದರೆ ಏಳುವ ಯಂತ್ರ, ಏಳದ ಟಚ್: ರೆಸ್ಯೂಮ್ ಹೊತ್ತಿನ ಇಂಟರಪ್ಟ್ ಕುರಿತ ಒಂದು ಪ್ರಕರಣ

ದೂರು

ಲಿನಕ್ಸ್ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಓಡುವ ಎಂಬೆಡೆಡ್ ಬೋರ್ಡ್ ಒಂದರ ಮೇಲೆ, ಟಚ್ ಪರದೆಯುಳ್ಳ ಸಾಧನದ ಡ್ರೈವರ್‌ಗಳನ್ನು (ಹಾರ್ಡ್‌ವೇರನ್ನು ಕರ್ನಲ್‌ಗೆ ಜೋಡಿಸುವ ತಂತ್ರಾಂಶವನ್ನು) ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದ್ದಾಗ ಎದುರಾದ ಪ್ರಕರಣವಿದು. ಸಾಧನವನ್ನು ಕೆಲ ಹೊತ್ತು ಮುಟ್ಟದೆ ಬಿಟ್ಟರೆ ಅದು ಸಸ್ಪೆಂಡ್ ಆಗುತ್ತಿತ್ತು, ಅಂದರೆ ವಿದ್ಯುತ್ ಉಳಿಸಲು ಮಲಗುತ್ತಿತ್ತು. ಪರದೆಯನ್ನು ಬೆರಳಿನಿಂದ ಎರಡು ಸಲ ತಟ್ಟಿದರೆ ಎಚ್ಚರಗೊಳ್ಳುತ್ತಿತ್ತು; ಹೀಗೆ ಏಳುವುದೇ ರೆಸ್ಯೂಮ್. ಬಂದ ದೂರೇನೆಂದರೆ, ಕೆಲವೊಮ್ಮೆ ತಟ್ಟಿದಾಗ ಯಂತ್ರವೇನೋ ಏಳುತ್ತದೆ, ಪರದೆ ಬೆಳಗುತ್ತದೆ, ಗಡಿಯಾರ ಓಡುತ್ತದೆ, ನೆಟ್‌ವರ್ಕ್ ಕೂಡ ಸಿಗುತ್ತದೆ, ಆದರೆ ಟಚ್ ಮಾತ್ರ ಸತ್ತಿರುತ್ತದೆ. ಪವರ್ ಗುಂಡಿ ಒತ್ತಿ ಎಬ್ಬಿಸಿದಾಗ ಹೀಗಾದದ್ದು ಒಮ್ಮೆಯೂ ಇಲ್ಲ. ಒಮ್ಮೆ ಸತ್ತ ಟಚ್, ಯಂತ್ರವನ್ನು ಮತ್ತೆ ಮಲಗಿಸಿ ಎಬ್ಬಿಸಿದರೂ ಮರಳುವುದಿಲ್ಲ. ಡ್ರೈವರ್ ಮಾಡ್ಯೂಲನ್ನು ತೆಗೆದು ಮತ್ತೆ ಹಾಕಿದರೆ ಮಾತ್ರ ಬದುಕುತ್ತದೆ.

ರೋಗ ಯಾವುದೆಂದು ಹೇಳಲು ಬೇಕಾದುದೆಲ್ಲ ಈ ದೂರಿನಲ್ಲೇ ಇತ್ತು ಎಂಬುದು ಈಗ ಹಿಂತಿರುಗಿ ನೋಡಿದಾಗ ತಿಳಿಯುತ್ತದೆ. ಆಗ ನಾವು ಮಾಡಿದ್ದು ಎಲ್ಲರೂ ಮೊದಲು ಮಾಡುವುದನ್ನೇ: ಹಾರ್ಡ್‌ವೇರ್ ಮೇಲೆ ಗುಮಾನಿಪಟ್ಟೆವು. ಆಸಿಲೋಸ್ಕೋಪ್ ತಂದು ಟಚ್ ಚಿಪ್‌ನ ಇಂಟರಪ್ಟ್ ತಂತಿಗೆ (ಚಿಪ್ ಪ್ರೊಸೆಸರನ್ನು ಕರೆಯುವ ತಂತಿಗೆ) ಪ್ರೋಬ್ ಹಚ್ಚಿದಾಗ, ಟಚ್ ಸತ್ತ ಸ್ಥಿತಿಯಲ್ಲಿ ಆ ತಂತಿ ಕೆಳಮಟ್ಟದಲ್ಲಿ ಅಲುಗದೆ ನಿಂತಿರುವುದು ಕಾಣಿಸಿತು. ಪರದೆಯನ್ನು ಎಷ್ಟು ಉಜ್ಜಿದರೂ ಗೆರೆ ಕದಲಲಿಲ್ಲ. ಚಿಪ್ ಒಳಗೇ ಏನೋ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಅದರ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ತಂತ್ರಾಂಶ) ಹಿಂದೆ ಸಾಕಷ್ಟು ದಿನ ಕಳೆದೆವು. ತಂತಿ ಕೆಳಗೆ ನಿಂತಿದ್ದುದಕ್ಕೆ ಕಾರಣ ತೀರಾ ಸರಳವಾಗಿತ್ತು: ಚಿಪ್ ಕರೆಯುತ್ತಲೇ ಇತ್ತು, ಕರ್ನಲ್ ಕಿವಿ ಮುಚ್ಚಿಕೊಂಡಿತ್ತು.

ತಂತಿ, ಬಸ್, ಹ್ಯಾಂಡ್ಲರ್

ಮುಂದಿನದು ಅರ್ಥವಾಗಬೇಕಾದರೆ ಜೋಡಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟಚ್ ಚಿಪ್ ಐ2ಸಿ ಬಸ್ ಮೇಲೆ, ಅಂದರೆ ಹಲವು ಚಿಪ್‌ಗಳು ಹಂಚಿಕೊಳ್ಳುವ ದತ್ತಾಂಶದ ತಂತಿಜೋಡಿಯ ಮೇಲೆ, ಕುಳಿತಿದೆ. ಅದರ ದತ್ತಾಂಶವೆಲ್ಲ ಆ ಬಸ್ ಮೂಲಕವೇ ಬರಬೇಕು. ಇಂಟರಪ್ಟ್‌ಗೆ ಮಾತ್ರ ಪ್ರತ್ಯೇಕ ತಂತಿ ಇದ್ದು, ಅದು ಜಿಪಿಐಒ ಕಂಟ್ರೋಲರ್‌ಗೆ (ಸಾಮಾನ್ಯ ಬಳಕೆಯ ಪಿನ್‌ಗಳನ್ನು ನೋಡಿಕೊಳ್ಳುವ ಘಟಕಕ್ಕೆ) ಹೋಗುತ್ತದೆ. ಬೆರಳು ತಾಗಿದಾಗ ಚಿಪ್ ಈ ತಂತಿಯನ್ನು ಕೆಳಗೆಳೆದು, ಯಾರಾದರೂ ಬಸ್ ಮೂಲಕ ದತ್ತಾಂಶ ಓದುವವರೆಗೂ ಕೆಳಗೇ ಹಿಡಿದಿರುತ್ತದೆ. ಇದು ಲೆವೆಲ್ ಟ್ರಿಗರ್ ಇಂಟರಪ್ಟ್. ಎಡ್ಜ್ ಟ್ರಿಗರ್ ಆಗಿದ್ದರೆ ತಂತಿ ಕೆಳಗಿಳಿದ ಆ ಒಂದು ಕ್ಷಣಕ್ಕೆ ಮಾತ್ರ ಇಂಟರಪ್ಟ್ ಬರುತ್ತಿತ್ತು; ಲೆವೆಲ್ ಆದುದರಿಂದ ತಂತಿ ಕೆಳಗಿರುವಷ್ಟು ಹೊತ್ತೂ ಇಂಟರಪ್ಟ್ ಜೀವಂತವಾಗಿರುತ್ತದೆ. ಅಂದರೆ ಚಿಪ್‌ನ ಬಾಯಿ ಮುಚ್ಚಿಸಲು ಇರುವ ದಾರಿ ಒಂದೇ, ಅದೂ ಬೇರೊಂದು ಸಾಧನವಾದ ಐ2ಸಿ ಕಂಟ್ರೋಲರ್ ಮೂಲಕ ಹಾದುಹೋಗುವ ದಾರಿ. ಈ ಪ್ರಕರಣದ ಬೇರು ಇರುವುದು ಇಲ್ಲಿ.

ಐ2ಸಿ ಬಸ್ ನಿಧಾನವಾದುದು; ಅದರ ಮೇಲೆ ಓದುವಾಗ ಕೋಡ್ ನಿದ್ರಿಸಬೇಕಾಗುತ್ತದೆ (ಪ್ರೊಸೆಸರ್ ಬಿಟ್ಟುಕೊಟ್ಟು ಕಾಯಬೇಕಾಗುತ್ತದೆ), ಆದರೆ ಹಾರ್ಡ್ ಇಂಟರಪ್ಟ್ ಸಂದರ್ಭದಲ್ಲಿ, ಅಂದರೆ ಇಂಟರಪ್ಟ್ ಬಂದ ಕ್ಷಣದಲ್ಲೇ ಓಡುವ ಭಾಗದಲ್ಲಿ, ನಿದ್ರಿಸುವಂತಿಲ್ಲ. ಆದ್ದರಿಂದ ಇಂಥ ಚಿಪ್‌ಗಳ ಡ್ರೈವರ್‌ಗಳು ಥ್ರೆಡೆಡ್ ಇಂಟರಪ್ಟ್ ಹ್ಯಾಂಡ್ಲರ್ ಬಳಸುತ್ತವೆ; ಹ್ಯಾಂಡ್ಲರ್ ಎಂದರೆ ಇಂಟರಪ್ಟ್ ಬಂದಾಗ ಓಡುವ ಕೋಡ್. 2009ರಲ್ಲಿ ಬಂದ 2.6.30 ಆವೃತ್ತಿಯಿಂದ ಲಿನಕ್ಸ್‌ನಲ್ಲಿರುವ ಈ ಏರ್ಪಾಡಿನಲ್ಲಿ, ಹಾರ್ಡ್ ಇಂಟರಪ್ಟ್ ಬಂದ ಕೂಡಲೇ ಕರ್ನಲ್ ಒಂದು ಥ್ರೆಡ್ (ಪ್ರತ್ಯೇಕವಾಗಿ ಓಡುವ ಕೆಲಸದ ಎಳೆ) ಎಬ್ಬಿಸಿ ಹಿಂತಿರುಗುತ್ತದೆ, ನಿಜವಾದ ಓದುವ ಕೆಲಸ ಆ ಥ್ರೆಡ್‌ನಲ್ಲಿ ನಡೆಯುತ್ತದೆ. ಲೆವೆಲ್ ಇಂಟರಪ್ಟ್ ಆದರೆ ಒನ್‌ಶಾಟ್ ಎಂಬ ಗುರುತನ್ನೂ ಕೊಡಬೇಕು. ಆಗ ಥ್ರೆಡ್ ಮುಗಿಯುವವರೆಗೂ ತಂತಿ ಮಾಸ್ಕ್ ಆಗಿರುತ್ತದೆ, ಅಂದರೆ ಅದರ ಇಂಟರಪ್ಟನ್ನು ತಡೆಹಿಡಿದಿರುತ್ತದೆ. ಇಲ್ಲವಾದರೆ ಥ್ರೆಡ್‌ಗೆ ಪ್ರೊಸೆಸರ್ ಸಿಗುವ ಮೊದಲೇ ಅದೇ ಇಂಟರಪ್ಟ್ ಮತ್ತೆ ಮತ್ತೆ ಬಂದು ಯಂತ್ರವನ್ನು ನುಂಗಿಹಾಕುತ್ತದೆ. ನಮ್ಮ ಡ್ರೈವರ್‌ನಲ್ಲಿ ಇದೆಲ್ಲ ಸರಿಯಾಗಿಯೇ ಇತ್ತು. ಹಿಂದೆ ಇದನ್ನು ಬರೆದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಸ್‌ನಿಂದ ಓದಲು ಆಗದಿದ್ದಾಗ ಹ್ಯಾಂಡ್ಲರ್‌ನಿಂದ "ಇಂಟರಪ್ಟ್ ನಿಭಾಯಿಸಿದೆ" ಎಂದು ಸುಳ್ಳು ಹೇಳದೆ "ನಿಭಾಯಿಸಲಿಲ್ಲ" ಎಂಬ ಉತ್ತರವನ್ನೇ ಹಿಂತಿರುಗಿಸುತ್ತಿದ್ದರು. ಈ ಪ್ರಾಮಾಣಿಕತೆಯೇ ಟಚ್‌ಗೆ ಕುತ್ತಾಯಿತು ಎಂಬುದನ್ನು ಮುಂದೆ ನೋಡಬಹುದು.

ಲಾಗ್ ಹೇಳಿದ್ದು, ನಾವು ಕೇಳಿಸಿಕೊಂಡದ್ದು

ಟಚ್ ಸತ್ತ ಯಂತ್ರದ ಕರ್ನಲ್ ಲಾಗ್‌ನಲ್ಲಿ ಒಂದು ಸಾಲು ತಪ್ಪದೆ ಇರುತ್ತಿತ್ತು: "ಐಆರ್‌ಕ್ಯೂ 57: ನೋಬಡಿ ಕೇರ್ಡ್", ಅದರ ಕೆಳಗೆ ಸ್ಟ್ಯಾಕ್ ಟ್ರೇಸ್ (ಆ ಕ್ಷಣ ಓಡುತ್ತಿದ್ದ ಫಂಕ್ಷನ್‌ಗಳ ಪಟ್ಟಿ), ಕೊನೆಗೆ "ಡಿಸೇಬ್ಲಿಂಗ್ ಐಆರ್‌ಕ್ಯೂ 57". ಐಆರ್‌ಕ್ಯೂ ಎಂದರೆ ಇಂಟರಪ್ಟ್ ಸಾಲು; 57 ನಮ್ಮ ಟಚ್‌ನದು. ಯಾರೂ ಹೊಣೆ ಹೊರದ ಇಂಟರಪ್ಟ್ ಅತಿಯಾಗಿ ಬರುತ್ತಿದ್ದರೆ ಕರ್ನಲ್ ಆ ತಂತಿಯನ್ನು ಕತ್ತರಿಸಿ ಉಳಿದ ಯಂತ್ರವನ್ನು ಉಳಿಸಿಕೊಳ್ಳುತ್ತದೆ. ಲೆಕ್ಕ ಹೀಗಿದೆ: ಒಂದು ಇಂಟರಪ್ಟ್ ಸಾಲಿನ ಮೇಲೆ ಪ್ರತಿ 1,00,000 ಇಂಟರಪ್ಟ್‌ಗಳಿಗೊಮ್ಮೆ ಕರ್ನಲ್ ತಿರುಗಿ ನೋಡುತ್ತದೆ, ಅವುಗಳಲ್ಲಿ 99,900ಕ್ಕಿಂತ ಹೆಚ್ಚು ನಿಭಾಯಿಸದವಾಗಿದ್ದರೆ ಸಾಲನ್ನು ಮುಚ್ಚುತ್ತದೆ. ಥ್ರೆಡೆಡ್ ಹ್ಯಾಂಡ್ಲರ್ ಆದರೆ, ಥ್ರೆಡ್‌ನ ಉತ್ತರ ಹಾರ್ಡ್ ಇಂಟರಪ್ಟ್ ಮುಗಿಯುವ ಹೊತ್ತಿಗೆ ಸಿಕ್ಕಿರುವುದಿಲ್ಲವಾದ್ದರಿಂದ, ಒಂದು ಇಂಟರಪ್ಟ್‌ನ ತೀರ್ಪನ್ನು ಮುಂದಿನ ಇಂಟರಪ್ಟ್ ಬಂದಾಗ ಬರೆದುಕೊಳ್ಳುವ ಜಾಣ ಏರ್ಪಾಡೂ ಇದೆ.

ಆ ಸಂದೇಶದಲ್ಲೇ "ಐಆರ್‌ಕ್ಯೂ ಪೋಲ್ ಆಯ್ಕೆಯೊಂದಿಗೆ ಬೂಟ್ ಮಾಡಿ ನೋಡಿ" ಎಂಬ ಸಲಹೆ ಇರುತ್ತದೆ. ಮಾಡಿ ನೋಡಿದೆವು, ಫಲ ಸಿಗಲಿಲ್ಲ. ಆ ಪೋಲಿಂಗ್ ಕೋಡ್ (ಇಂಟರಪ್ಟ್‌ಗೆ ಕಾಯದೆ ತಾನೇ ಇಣುಕಿ ನೋಡುವ ಕೋಡ್) ಹಲವು ಸಾಧನಗಳು ಹಂಚಿಕೊಂಡ ಸಾಲುಗಳನ್ನು ಮಾತ್ರ ಮುಟ್ಟುತ್ತದೆ, ನಮ್ಮದು ಹಂಚಿಕೊಳ್ಳದ ಸಾಲು. ಹಂಚಿಕೊಂಡ ಸಾಲಾಗಿದ್ದರೆ, ಕರ್ನಲ್ ಮುಚ್ಚಿದ ಮೇಲೂ 100 ಮಿಲಿಸೆಕೆಂಡಿಗೊಮ್ಮೆ ಟೈಮರ್ ಮೂಲಕ ಇಣುಕಿ ನೋಡುತ್ತಿದ್ದುದರಿಂದ ಟಚ್ ತೆವಳುತ್ತಲಾದರೂ ಬದುಕಿರುತ್ತಿತ್ತು. ಬಳಿಕ ತಂಡದಲ್ಲೊಬ್ಬರು ಈ ಪತ್ತೆಕಾರ್ಯವನ್ನೇ ನಿಲ್ಲಿಸುವ ಬೂಟ್ ಆಯ್ಕೆ ಕೊಟ್ಟರು. ತೊಂದರೆ ಮಾಯವಾಯಿತು! ಇಲ್ಲಿಗೆ ಮುಗಿಸೋಣ ಎಂಬ ಮಾತೂ ಬಂತು. ಅದನ್ನು ನಾನು ಒಪ್ಪಲಿಲ್ಲ. ಲಕ್ಷ ಇಂಟರಪ್ಟ್‌ಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು; ಹೊಗೆ ಪತ್ತೆಯಂತ್ರದ ಬ್ಯಾಟರಿ ಕಿತ್ತರೆ ಸದ್ದು ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ.

ಪ್ರಾಕ್ ಫೈಲ್‌ಸಿಸ್ಟಮ್‌ನ ಇಂಟರಪ್ಟ್ಸ್ ಕಡತದಲ್ಲಿ 57ನೆಯ ಸಾಲಿನ ಎಣಿಕೆಯನ್ನು ಪ್ರತಿ ಸಸ್ಪೆಂಡ್‌ಗೆ ಮೊದಲು ಮತ್ತು ನಂತರ ಬರೆದಿಟ್ಟುಕೊಳ್ಳಲು ಶುರುಮಾಡಿದ ಮೇಲೆ ಚಿತ್ರ ಬದಲಾಯಿತು. ಈ ಚಿಪ್ ಬೆರಳು ಪರದೆಯ ಮೇಲಿರುವಷ್ಟು ಹೊತ್ತು ಸೆಕೆಂಡಿಗೆ ಸುಮಾರು 100 ವರದಿ ಕಳಿಸುತ್ತದೆ. ಆ ವೇಗದಲ್ಲಿ ಒಂದು ಲಕ್ಷ ತಲುಪಲು ಬೆರಳನ್ನು ಎತ್ತದೆ ಹದಿನಾರು ನಿಮಿಷಕ್ಕೂ ಹೆಚ್ಚು ಹೊತ್ತು ಒತ್ತಿಹಿಡಿಯಬೇಕು. ಇಲ್ಲಿ ಎರಡು ತಟ್ಟಿಗೆ, ಯಂತ್ರ ಏಳುವಷ್ಟರಲ್ಲಿ, ಎಣಿಕೆ ಲಕ್ಷ ದಾಟಿರುತ್ತಿತ್ತು. ಅದಕ್ಕಿಂತ ಮುಖ್ಯವಾದುದು ಮತ್ತೊಂದು. ಟಚ್ ಚೆನ್ನಾಗಿಯೇ ಇದ್ದ ರೆಸ್ಯೂಮ್‌ಗಳಲ್ಲೂ ಎಣಿಕೆ ಹತ್ತಾರು ಸಾವಿರ ಏರುತ್ತಿತ್ತು. ಅಂದರೆ ಪ್ರವಾಹ ಪ್ರತಿ ಸಲವೂ ಬರುತ್ತಿತ್ತು. ಕಟ್ಟೆ ಒಡೆಯುತ್ತಿದ್ದುದು ಮಾತ್ರ ಅಪರೂಪಕ್ಕೆ.

ಲಾಗ್‌ನಲ್ಲಿ ಇನ್ನೊಂದು ಎಚ್ಚರಿಕೆಯೂ ಇತ್ತು, ನಾವು ಅದನ್ನು ದಾಟಿಹೋಗಿದ್ದೆವು. ಐ2ಸಿ ಕಂಟ್ರೋಲರ್ ಹೆಸರಿನಲ್ಲಿ "ಟ್ರಾನ್ಸ್‌ಫರ್ ವೈಲ್ ಸಸ್ಪೆಂಡೆಡ್" ಎಂಬ ಸಾಲು, ಅಂದರೆ ಬಸ್ ಮಲಗಿರುವಾಗ ಯಾರೋ ಅದರ ಮೇಲೆ ಓದಲು ಹೊರಟಿದ್ದಾರೆ ಎಂಬ ದೂರು. ಐ2ಸಿ ಉಪವ್ಯವಸ್ಥೆ ಇದನ್ನು ಒಂದು ಕಂಟ್ರೋಲರ್‌ಗೆ ಒಮ್ಮೆ ಮಾತ್ರ ಮುದ್ರಿಸಿ, ಆಮೇಲಿನ ಪ್ರಯತ್ನಗಳಿಗೆಲ್ಲ ಸದ್ದಿಲ್ಲದೆ ದೋಷ ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ನಮ್ಮ ಯಂತ್ರದಲ್ಲಿ ಅದು ಬೂಟ್ ಆದ ನಂತರದ ಮೊದಲ ಟಚ್ ರೆಸ್ಯೂಮ್‌ನಲ್ಲೇ, ಎಲ್ಲವೂ ಸರಿಯಾಗಿದೆ ಎಂದು ನಾವು ನಂಬಿದ್ದ ಹೊತ್ತಿನಲ್ಲೇ, ಬಂದು ಹೋಗಿರುತ್ತಿತ್ತು. ಟಚ್ ಸಾಯುವುದು ಗಂಟೆಗಳ ನಂತರ. ಲಾಗ್‌ನಲ್ಲಿ ಎರಡು ಸಾಲುಗಳ ನಡುವೆ ಸಾವಿರಾರು ಸಾಲುಗಳ ಅಂತರ ಇದ್ದುದರಿಂದ ಅವೆರಡಕ್ಕೂ ನಂಟಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಆ ಎಚ್ಚರಿಕೆಯ ಸ್ಟ್ಯಾಕ್ ಟ್ರೇಸ್‌ನಲ್ಲಿದ್ದುದು 57ನೆಯ ಇಂಟರಪ್ಟ್‌ನ ಥ್ರೆಡ್ಡೇ.

ಇಂಟರಪ್ಟ್ ಮೊದಲು, ಸಾಧನ ಆಮೇಲೆ

ಈಗ ಸಸ್ಪೆಂಡ್ ಕ್ರಮವನ್ನು ನೋಡಬೇಕು. ಇಡೀ ವ್ಯವಸ್ಥೆ ಮಲಗುವಾಗ ಕರ್ನಲ್ ಸಾಧನಗಳನ್ನು ಒಂದೇ ಏಟಿಗೆ ಮಲಗಿಸುವುದಿಲ್ಲ. ಪ್ರಿಪೇರ್, ಸಸ್ಪೆಂಡ್, ಸಸ್ಪೆಂಡ್ ಲೇಟ್, ಸಸ್ಪೆಂಡ್ ನೋ-ಐಆರ್‌ಕ್ಯೂ ಎಂಬ ನಾಲ್ಕು ಹಂತಗಳಲ್ಲಿ ಪ್ರತಿ ಡ್ರೈವರ್‌ನ ಕಾಲ್‌ಬ್ಯಾಕ್‌ಗಳನ್ನು (ಆ ಹಂತಕ್ಕೆಂದು ಡ್ರೈವರ್ ಕೊಟ್ಟ ಫಂಕ್ಷನ್‌ಗಳನ್ನು) ಕರೆಯುತ್ತದೆ. ಪ್ರತಿ ಸಸ್ಪೆಂಡ್ ಹಂತದಲ್ಲೂ ಮಕ್ಕಳು ಮೊದಲು, ತಾಯಿ ಆಮೇಲೆ, ಅಂದರೆ ಟಚ್ ಚಿಪ್ ಮಲಗಿದ ನಂತರವೇ ಅದರ ಐ2ಸಿ ಕಂಟ್ರೋಲರ್ ಮಲಗುತ್ತದೆ. ಲೇಟ್ ಹಂತಕ್ಕೂ ನೋ-ಐಆರ್‌ಕ್ಯೂ ಹಂತಕ್ಕೂ ನಡುವೆ ಸಾಧನಗಳ ಇಂಟರಪ್ಟ್‌ಗಳನ್ನೆಲ್ಲ ಮುಚ್ಚಲಾಗುತ್ತದೆ. ಯಂತ್ರವನ್ನು ಎಬ್ಬಿಸಬೇಕೆಂದು ಗುರುತು ಹಾಕಿದ ಇಂಟರಪ್ಟ್‌ಗಳನ್ನು ಮಾತ್ರ ಮುಚ್ಚದೆ, ಹೊಂಚು ಹಾಕಿದ ಸ್ಥಿತಿಯಲ್ಲಿ ಇರಿಸುತ್ತಾರೆ: ಅದು ಬಂದರೆ ಹ್ಯಾಂಡ್ಲರ್ ಕರೆಯುವುದಿಲ್ಲ, ಸಾಲನ್ನು ಮುಚ್ಚಿ, ಬಾಕಿ ಇದೆ ಎಂದು ಬರೆದಿಟ್ಟು, ಯಂತ್ರವನ್ನು ಎಬ್ಬಿಸಲಾಗುತ್ತದೆ. ಇಷ್ಟರವರೆಗೆ ನಮ್ಮ ಟಚ್ ಅಪ್ಪಟ ಶಿಸ್ತಿನಿಂದ ನಡೆದುಕೊಂಡಿತ್ತು.

ಏಳುವಾಗ ಇದೇ ಕ್ರಮ ತಿರುವುಮುರುವಾಗುತ್ತದೆ. ರೆಸ್ಯೂಮ್ ನೋ-ಐಆರ್‌ಕ್ಯೂ ಹಂತ ಮುಗಿದ ಕೂಡಲೇ ಸಾಧನಗಳ ಇಂಟರಪ್ಟ್‌ಗಳೆಲ್ಲ ಮತ್ತೆ ತೆರೆದುಕೊಳ್ಳುತ್ತವೆ. ಅದಾದ ಮೇಲೆ ರೆಸ್ಯೂಮ್ ಅರ್ಲಿ, ಅದಾದ ಮೇಲೆ ರೆಸ್ಯೂಮ್. ನಮ್ಮ ಐ2ಸಿ ಕಂಟ್ರೋಲರ್‌ನ ಡ್ರೈವರ್ ತನ್ನನ್ನು ಎಬ್ಬಿಸಿಕೊಳ್ಳುತ್ತಿದ್ದುದು ಕೊನೆಯದಾದ ಸಾಮಾನ್ಯ ರೆಸ್ಯೂಮ್ ಹಂತದಲ್ಲಿ. ಟಚ್ ಡ್ರೈವರ್‌ನ ರೆಸ್ಯೂಮ್ ಅದಕ್ಕೂ ಆಚೆ. ಹೀಗಾಗಿ ಟಚ್ ಇಂಟರಪ್ಟ್ ತೆರೆದ ಕ್ಷಣಕ್ಕೂ ಬಸ್ ಬದುಕುವ ಕ್ಷಣಕ್ಕೂ ನಡುವೆ ಒಂದು ಕಿಂಡಿ ಉಳಿಯುತ್ತದೆ. ಯಂತ್ರವನ್ನು ಎಬ್ಬಿಸಿದ್ದೇ ಟಚ್ ಆದರೆ, ಆ ಕಿಂಡಿಯ ಪೂರ್ತಿ ಅವಧಿಗೆ ತಂತಿ ಕೆಳಗೇ ಇರುತ್ತದೆ, ಏಕೆಂದರೆ ಅದನ್ನು ಮೇಲೆತ್ತಬೇಕಾದ ಓದು ಇನ್ನೂ ಸಾಧ್ಯವಿಲ್ಲ. ಪವರ್ ಗುಂಡಿಯಿಂದ ಎದ್ದಾಗ ತಂತಿ ಮೇಲಿರುತ್ತದೆ, ಆದ್ದರಿಂದ ಏನೂ ಆಗುವುದಿಲ್ಲ. ದೂರಿನ ಒಂದು ಸಾಲಿಗೆ ಉತ್ತರ ಸಿಕ್ಕಿದ್ದು ಹೀಗೆ.

ಆ ಕಿಂಡಿಯಲ್ಲಿ ನಡೆಯುವುದನ್ನು ಕರ್ನಲ್‌ನ ಓಟವನ್ನು ದಾಖಲಿಸುವ ಎಫ್‌ಟ್ರೇಸ್ ಹಾಕಿ ನೋಡಿದೆವು. ಹಾರ್ಡ್ ಇಂಟರಪ್ಟ್ ಬರುತ್ತದೆ, ತಂತಿ ಮಾಸ್ಕ್ ಆಗುತ್ತದೆ, ಥ್ರೆಡ್ ಏಳುತ್ತದೆ, ಬಸ್ ಮೇಲೆ ಓದಲು ಹೋಗುತ್ತದೆ, ಬಸ್ ಮಲಗಿದೆ ಎಂದು ಐ2ಸಿ ಪದರ ತಕ್ಷಣವೇ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತದೆ, ಥ್ರೆಡ್ "ನಿಭಾಯಿಸಲಿಲ್ಲ" ಎಂದು ಹೇಳಿ ಮಲಗುತ್ತದೆ, ತಂತಿಯ ಮಾಸ್ಕ್ ತೆಗೆಯುತ್ತದೆ, ತಂತಿ ಇನ್ನೂ ಕೆಳಗಿದೆ, ಹಾರ್ಡ್ ಇಂಟರಪ್ಟ್ ಮತ್ತೆ ಬರುತ್ತದೆ. ಟ್ರೇಸ್‌ನಲ್ಲಿ ಈ ಆರೇಳು ಸಾಲುಗಳೇ ಪುಟಗಟ್ಟಲೆ ಮರುಕಳಿಸಿದ್ದವು. ಒಂದು ಸುತ್ತಿಗೂ ಮುಂದಿನದಕ್ಕೂ ಅಂತರ ಸುಮಾರು 10 ಮೈಕ್ರೊಸೆಕೆಂಡ್. ಇಲ್ಲಿ ಒನ್‌ಶಾಟ್‌ನಿಂದ ಯಾವ ಉಪಯೋಗವೂ ಇಲ್ಲ, ಏಕೆಂದರೆ ಥ್ರೆಡ್ ಪ್ರತಿ ಸಲವೂ ನಿಷ್ಠೆಯಿಂದ ಮುಗಿಯುತ್ತಿದೆ. ಇಂಟರಪ್ಟ್ ಥ್ರೆಡ್‌ಗಳು, ಸಾಮಾನ್ಯ ಕೆಲಸಗಳಿಗಿಂತ ಮೊದಲು ಪ್ರೊಸೆಸರ್ ಪಡೆಯುವ ರಿಯಲ್‌ಟೈಮ್ ಫೈಫೊ ವರ್ಗದಲ್ಲಿ 50ರ ಆದ್ಯತೆಯೊಂದಿಗೆ ಓಡುವುದರಿಂದ, ಅದೇ ಪ್ರೊಸೆಸರ್ ಮೇಲೆ ನಡೆಯುತ್ತಿದ್ದ ಉಳಿದ ರೆಸ್ಯೂಮ್ ಕೆಲಸಗಳನ್ನೂ ಈ ಸುತ್ತು ಹಿಂದೆ ತಳ್ಳುತ್ತಿತ್ತು. ಹೀಗೆ ಕಿಂಡಿ ತನ್ನನ್ನು ತಾನೇ ಅಗಲಿಸಿಕೊಳ್ಳುತ್ತಿತ್ತು.

ಎಲ್ಲೋ ಕೆಲವು ಸಲ ಮಾತ್ರ ಏಕೆ

ಸುತ್ತಿಗೆ 10 ಮೈಕ್ರೊಸೆಕೆಂಡ್ ಎಂದರೆ ಲಕ್ಷ ಸುತ್ತಿಗೆ ಒಂದು ಸೆಕೆಂಡ್. ಕಿಂಡಿ ಒಂದು ಸೆಕೆಂಡಿಗಿಂತ ಕಿರಿದಾಗಿದ್ದರೆ ಟಚ್ ಬದುಕುತ್ತದೆ, ಬಸ್ ಎದ್ದ ಕೂಡಲೇ ಓದು ಸಫಲವಾಗಿ ತಂತಿ ಮೇಲೇಳುತ್ತದೆ. ನಮ್ಮ ಯಂತ್ರದಲ್ಲಿ ಸಾಧನಗಳು ರೆಸ್ಯೂಮ್ ಆಗುವ ಸರದಿಯಲ್ಲಿ ಐ2ಸಿ ಕಂಟ್ರೋಲರ್‌ಗಿಂತ ಮುಂದೆ ಒಂದು ವೈರ್‌ಲೆಸ್ ಚಿಪ್ ಇತ್ತು. ಅದರ ರೆಸ್ಯೂಮ್ ಕಾಲ್‌ಬ್ಯಾಕ್ ಚಿಪ್‌ಗೆ ಫರ್ಮ್‌ವೇರ್ ತುಂಬಿ ಉತ್ತರಕ್ಕಾಗಿ ಕಾಯುತ್ತಿತ್ತು; ಚಿಪ್ ಮೊದಲ ಸಲ ಉತ್ತರಿಸದಿದ್ದರೆ ರೀಸೆಟ್ ಮಾಡಿ ಮತ್ತೆ ತುಂಬುತ್ತಿತ್ತು. ಹಾಗೆ ಎರಡನೆಯ ಸುತ್ತು ಬೇಕಾದ ದಿನ ಕಿಂಡಿ ಒಂದು ಸೆಕೆಂಡ್ ದಾಟುತ್ತಿತ್ತು. ಟಚ್ ಸಾಯಲು ವೈರ್‌ಲೆಸ್ ಚಿಪ್‌ನ ಮೊಂಡುತನ ಕಾರಣವಾಗಬಹುದು ಎಂದು ಮೊದಲ ದಿನ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

ಆದರೂ ಲೆಕ್ಕ ಪೂರ್ತಿ ಕೂಡಿಬರಲಿಲ್ಲ. ಕಿಂಡಿ ಒಂದೂವರೆ ಸೆಕೆಂಡ್ ಇದ್ದಾಗಲೂ ಕೆಲವು ಸಲ ಟಚ್ ಉಳಿದುಕೊಳ್ಳುತ್ತಿತ್ತು. ಉತ್ತರ ಸಿಕ್ಕಿದ್ದು ಎಣಿಸುವ ಕೋಡನ್ನು ಸಾಲುಸಾಲಾಗಿ ಓದಿದಾಗ. ಲಕ್ಷದ ಎಣಿಕೆ ಪ್ರವಾಹ ಶುರುವಾದಾಗ ಶುರುವಾಗುವುದಿಲ್ಲ. ಅದು ಆ ಸಾಲಿನ ಮೇಲೆ ಬರುವ ಎಲ್ಲ ಇಂಟರಪ್ಟ್‌ಗಳನ್ನೂ, ಒಳ್ಳೆಯವು ಕೆಟ್ಟವು ಎನ್ನದೆ, ಸದಾ ಎಣಿಸುತ್ತಿರುತ್ತದೆ, ಲಕ್ಷ ಮುಟ್ಟಿದಾಗ ಸೊನ್ನೆಗೆ ಮರಳುತ್ತದೆ. ಬಳಕೆದಾರ ಸಸ್ಪೆಂಡ್‌ಗೆ ಮೊದಲು ಪರದೆಯನ್ನು ಬಳಸಿ 40,000 ಒಳ್ಳೆಯ ಇಂಟರಪ್ಟ್‌ಗಳು ಆಗಿದ್ದರೆ, ಪ್ರವಾಹದ 60,000ನೆಯ ಸುತ್ತಿಗೆ ಲಕ್ಷ ತುಂಬುತ್ತದೆ. ನಿಭಾಯಿಸದವು 60,000 ಮಾತ್ರ ಆದುದರಿಂದ ಕರ್ನಲ್ ಕ್ಷಮಿಸಿ, ಎರಡೂ ಎಣಿಕೆಗಳನ್ನು ಅಳಿಸಿ, ಹೊಸದಾಗಿ ಶುರುಮಾಡುತ್ತದೆ. ಅಲ್ಲಿಂದ ಮುಂದೆ ಇನ್ನೊಂದು ಪೂರ್ತಿ ಲಕ್ಷ ಬೇಕು. ಅಂದರೆ ಟಚ್ ಸಾಯಲು ಬೇಕಾದ ಪ್ರವಾಹ 1,00,000ದಿಂದ ಹಿಡಿದು ಸುಮಾರು 2,00,000ದವರೆಗೆ ಎಷ್ಟಾದರೂ ಆಗಬಹುದು, ಕಿಂಡಿಯ ಲೆಕ್ಕದಲ್ಲಿ ಒಂದರಿಂದ ಎರಡು ಸೆಕೆಂಡ್. ಮಲಗುವ ಮುನ್ನ ಎಷ್ಟು ಸಲ ಪರದೆ ಮುಟ್ಟಿದ್ದರು ಎಂಬುದರ ಮೇಲೆ ಎದ್ದ ಮೇಲಿನ ಹಣೆಬರಹ ನಿಂತಿತ್ತು. ಪರೀಕ್ಷಾ ಸ್ಕ್ರಿಪ್ಟ್ ಹಾಕಿ ರಾತ್ರಿಯಿಡೀ ಓಡಿಸಿದಾಗ ತೊಂದರೆ ಒಂದು ರೀತಿ, ಕೈಯಲ್ಲಿ ಬಳಸಿದಾಗ ಇನ್ನೊಂದು ರೀತಿ ಕಾಣುತ್ತಿದ್ದುದರ ಗುಟ್ಟೂ ಇದೇ.

ಮಾಡ್ಯೂಲ್ ತೆಗೆದು ಹಾಕಿದರೆ ಮಾತ್ರ ಟಚ್ ಮರಳುತ್ತಿದ್ದುದಕ್ಕೂ ಇಲ್ಲೇ ವಿವರಣೆ ಇದೆ. ಕರ್ನಲ್‌ನಲ್ಲಿ ಇಂಟರಪ್ಟ್ ಮುಚ್ಚುವುದು ಹೌದು-ಇಲ್ಲ ಎಂಬ ಗುಂಡಿಯಲ್ಲ, ಆಳದ ಎಣಿಕೆ. ಎಷ್ಟು ಸಲ ಮುಚ್ಚಿದೆಯೋ ಅಷ್ಟು ಸಲ ತೆರೆಯಬೇಕು. ಪತ್ತೆಕಾರ್ಯ ಸಾಲನ್ನು ಮುಚ್ಚುವಾಗ ಈ ಆಳವನ್ನು ಒಂದು ಹೆಚ್ಚಿಸುತ್ತದೆ. ಆಮೇಲೆ ನಡೆಯುವ ಸಸ್ಪೆಂಡ್-ರೆಸ್ಯೂಮ್ ಜೋಡಿಗಳು ಅದಕ್ಕೆ ಒಂದು ಕೂಡಿಸಿ ಒಂದು ಕಳೆಯುತ್ತವೆಯೇ ಹೊರತು ಅದನ್ನು ಸೊನ್ನೆಗೆ ಇಳಿಸುವುದಿಲ್ಲ. ಡ್ರೈವರ್ ಇಂಟರಪ್ಟನ್ನು ಬಿಟ್ಟುಕೊಟ್ಟು ಹೊಸದಾಗಿ ಕೇಳಿ ಪಡೆದಾಗ ಮಾತ್ರ ಪಾಟಿ ಒರೆಸಿದಂತಾಗುತ್ತದೆ.

ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ ಕೈಹಿಡಿಯಲಿಲ್ಲ

ಪರಿಹಾರ ಹುಡುಕುವಾಗ ಮೊದಲು ಬಂದ ಸಲಹೆ ಮೇಲ್ನೋಟಕ್ಕೆ ಚೆಲುವಾಗಿತ್ತು. 2009ರಲ್ಲೇ ಬಂದ 2.6.32 ಆವೃತ್ತಿಯಿಂದ ಕರ್ನಲ್‌ನಲ್ಲಿ ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ ಎಂಬ ಚೌಕಟ್ಟಿದೆ: ಒಂದು ಸಾಧನವನ್ನು ಬಳಸುವವರು ಬಳಕೆಗೆ ಮುಂಚೆ ಎಣಿಕೆ ಹೆಚ್ಚಿಸುತ್ತಾರೆ, ಮುಗಿದ ಮೇಲೆ ಇಳಿಸುತ್ತಾರೆ, ಎಣಿಕೆ ಸೊನ್ನೆಯಾಗಿ ಸ್ವಲ್ಪ ಹೊತ್ತಾದರೆ ಆ ಒಂದು ಸಾಧನ ಮಾತ್ರ ಮಲಗುತ್ತದೆ. ಹಾಗಿದ್ದರೆ ಹ್ಯಾಂಡ್ಲರ್‌ನಲ್ಲಿ ಓದುವ ಮೊದಲು ರನ್‌ಟೈಮ್ ಮೂಲಕ ಬಸ್ಸನ್ನು ಎಬ್ಬಿಸಿಕೊಂಡರೆ ಸಾಲದೇ ಎಂಬುದು ಪ್ರಶ್ನೆ. ದಿನನಿತ್ಯದ ಓಟದಲ್ಲಿ ಸಾಕು. ನಮ್ಮ ಕಿಂಡಿಯಲ್ಲಿ ಸಾಲದು. ಇಡೀ ವ್ಯವಸ್ಥೆಯ ಸಸ್ಪೆಂಡ್‌ನ ಲೇಟ್ ಹಂತದಲ್ಲಿ ಕರ್ನಲ್ ಪ್ರತಿ ಸಾಧನದ ರನ್‌ಟೈಮ್ ಸೌಲಭ್ಯವನ್ನು ನಿಲ್ಲಿಸುತ್ತದೆ, ಆ ಸಾಧನದ ರೆಸ್ಯೂಮ್ ಅರ್ಲಿ ಹಂತ ಮುಗಿದ ಮೇಲಷ್ಟೇ ಮತ್ತೆ ಕೊಡುತ್ತದೆ. ನಮ್ಮ ಇಂಟರಪ್ಟ್ ತೆರೆಯುವುದು ಅದಕ್ಕಿಂತ ಮೊದಲು. ಆಗ ಎಬ್ಬಿಸು ಎಂದು ಕೇಳಿದರೆ ಅನುಮತಿ ಇಲ್ಲ ಎಂಬ ದೋಷವೇ ಉತ್ತರ. ಸೌಲಭ್ಯ ಮರಳಿದ ಮೇಲೂ, ಕಂಟ್ರೋಲರ್ ಡ್ರೈವರ್ ತಾನು ಸಸ್ಪೆಂಡ್ ಆಗಿದ್ದೇನೆ ಎಂದು ಹಾಕಿಕೊಂಡ ಗುರುತನ್ನು ಅದರದೇ ರೆಸ್ಯೂಮ್ ಕಾಲ್‌ಬ್ಯಾಕ್ ಅಳಿಸುವವರೆಗೆ ಐ2ಸಿ ಪದರ ಬಾಗಿಲು ತೆರೆಯುವುದಿಲ್ಲ. ಸಲಹೆ ಅಲ್ಲಿಗೆ ಬಿತ್ತು.

ಹ್ಯಾಂಡ್ಲರ್ ಯಾವಾಗಲೂ "ನಿಭಾಯಿಸಿದೆ" ಎಂದೇ ಹೇಳಲಿ ಎಂಬ ಸಲಹೆಯೂ ಬಂತು. ಬೇರೆ ಎಷ್ಟೋ ಡ್ರೈವರ್‌ಗಳು ಹಾಗೇ ಮಾಡುತ್ತವೆ. ಅವುಗಳಲ್ಲಿ ಇದೇ ಪ್ರವಾಹ ಪ್ರತಿ ರೆಸ್ಯೂಮ್‌ನಲ್ಲೂ ಹರಿಯುತ್ತಿದ್ದರೂ ಯಾರ ಗಮನಕ್ಕೂ ಬಾರದೆ, ರೆಸ್ಯೂಮ್ ಸ್ವಲ್ಪ ನಿಧಾನ ಎಂಬ ಗೊಣಗಾಟದಲ್ಲಿ ಮುಚ್ಚಿಹೋಗುತ್ತದೆ ಎಂಬುದು ನನ್ನ ಬಲವಾದ ಅನುಮಾನ.

ಬೇಕೆಂದಾಗ ಮರುಕಳಿಸುವಂತೆ ಮಾಡಿದ್ದು

ತಿದ್ದುವ ಮೊದಲು ತೊಂದರೆಯನ್ನು ನಮ್ಮ ಇಷ್ಟದಂತೆ ಎಬ್ಬಿಸಲು ಬರಬೇಕಿತ್ತು. ಕರ್ನಲ್ ತನ್ನ ಸ್ಥಿತಿಯನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಪವರ್ ಡೈರೆಕ್ಟರಿಯಲ್ಲಿ ಪಿಎಂ ಟೆಸ್ಟ್ ಎಂಬ ಕಡತವಿದೆ. ಅದರಲ್ಲಿ "ಡಿವೈಸಸ್" ಎಂದು ಬರೆದು ಸಸ್ಪೆಂಡ್ ಮಾಡಿದರೆ, ಕರ್ನಲ್ ಸಾಧನಗಳ ಸಾಮಾನ್ಯ ಸಸ್ಪೆಂಡ್ ಹಂತದವರೆಗೆ ಹೋಗಿ, ಅಲ್ಲೇ 5 ಸೆಕೆಂಡ್ ನಿಂತು, ಹಿಂತಿರುಗುತ್ತದೆ. ಆ 5 ಸೆಕೆಂಡ್‌ಗಳಲ್ಲಿ ಐ2ಸಿ ಕಂಟ್ರೋಲರ್ ಮಲಗಿರುತ್ತದೆ, ಆದರೆ ಇಂಟರಪ್ಟ್‌ಗಳನ್ನು ಇನ್ನೂ ಮುಚ್ಚಿರುವುದಿಲ್ಲ. ಅಂದರೆ ನಮ್ಮ ಕಿಂಡಿಯೇ, ಮಲಗುವ ದಿಕ್ಕಿನಲ್ಲಿ, ಐದು ಸೆಕೆಂಡ್ ಅಗಲವಾಗಿ ತೆರೆದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಪರದೆ ತಟ್ಟಿದರೆ ಎರಡು ಲಕ್ಷ ಸುತ್ತಿಗೂ ಸಮಯ ಸಾಕಷ್ಟಿದೆ. ಟಚ್ ಪ್ರತಿ ಸಲವೂ ಸತ್ತಿತು. ದಿನಕ್ಕೊಮ್ಮೆ ಕಾಣುತ್ತಿದ್ದ ತೊಂದರೆ ನಿಮಿಷಕ್ಕೆ ಹಲವು ಸಲ ಕಾಣುವಂತಾದದ್ದು ಈ ಇಡೀ ಕೆಲಸದ ಅತಿ ದೊಡ್ಡ ಗೆಲುವು ಎಂದೇ ನಾನು ಎಣಿಸುತ್ತೇನೆ. ಕಿಂಡಿ ರೆಸ್ಯೂಮ್‌ನಲ್ಲಿ ಮಾತ್ರವಲ್ಲ, ಸಸ್ಪೆಂಡ್‌ನಲ್ಲೂ ಇದೆ ಎಂಬುದು ಕಣ್ಣಿಗೆ ಬಿದ್ದದ್ದೂ ಆಗಲೇ.

ತಿದ್ದುಪಡಿ, ಎರಡು ಎಡವು

ತಿದ್ದುಪಡಿ ಇಷ್ಟು: ಟಚ್ ಡ್ರೈವರ್‌ನ ಸಸ್ಪೆಂಡ್ ಕಾಲ್‌ಬ್ಯಾಕ್‌ನಲ್ಲಿ ಮೊದಲು ಡಿಸೇಬಲ್ ಐಆರ್‌ಕ್ಯೂ ಎಂಬ ಫಂಕ್ಷನ್ ಕರೆದು ಇಂಟರಪ್ಟ್ ಮುಚ್ಚುವುದು, ಬಳಿಕ ಚಿಪ್ಪನ್ನು ತಟ್ಟು ಗುರುತಿಸುವ ಸ್ಥಿತಿಗೆ ಹಾಕಿ ಎಬ್ಬಿಸುವ ಗುರುತು ಹಚ್ಚುವುದು; ರೆಸ್ಯೂಮ್‌ನಲ್ಲಿ ಆ ಗುರುತು ತೆಗೆದು, ಚಿಪ್ಪನ್ನು ಸಾಮಾನ್ಯ ಸ್ಥಿತಿಗೆ ತಂದು, ಎಲ್ಲದರ ಕೊನೆಗೆ ಇಂಟರಪ್ಟ್ ತೆರೆಯುವುದು. ತಾಯಿ ಸಾಧನ ಮಗುವಿಗಿಂತ ಮೊದಲು ರೆಸ್ಯೂಮ್ ಆಗುವುದು ಖಚಿತವಾದ್ದರಿಂದ, ಟಚ್‌ನ ರೆಸ್ಯೂಮ್ ಓಡುವ ಹೊತ್ತಿಗೆ ಬಸ್ ಎದ್ದೇ ಇರುತ್ತದೆ. ತಂತಿ ಆಗಲೂ ಕೆಳಗಿದ್ದರೆ ತೆರೆದ ಕ್ಷಣ ಇಂಟರಪ್ಟ್ ತಾನಾಗಿ ಬರುತ್ತದೆ. ಲೆವೆಲ್ ಇಂಟರಪ್ಟ್‌ನ ಒಳ್ಳೆಯ ಗುಣವದು, ಕಳೆದುಹೋಗುವುದಿಲ್ಲ.

ಮೊದಲ ಪ್ಯಾಚ್ ಯಂತ್ರವನ್ನು ಸಸ್ಪೆಂಡ್ ನಡುವೆಯೇ ನಿಲ್ಲಿಸಿತು. ಡಿಸೇಬಲ್ ಐಆರ್‌ಕ್ಯೂ ಬರೀ ತಂತಿ ಮುಚ್ಚಿ ಹಿಂತಿರುಗುವುದಿಲ್ಲ. ಓಡುತ್ತಿರುವ ಹ್ಯಾಂಡ್ಲರ್, ಥ್ರೆಡ್ ಸಮೇತ, ಮುಗಿಯುವವರೆಗೂ ಕಾಯುತ್ತದೆ. ನಾನು ಅದನ್ನು ಡ್ರೈವರ್‌ನ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದುಕೊಂಡು ಕರೆದಿದ್ದೆ. ಥ್ರೆಡ್ ಅದೇ ಮ್ಯೂಟೆಕ್ಸ್‌ಗಾಗಿ ಕಾಯುತ್ತಿತ್ತು. ಬೆರಳು ಪರದೆಯ ಮೇಲಿರುವಾಗಲೇ ಸಸ್ಪೆಂಡ್ ಶುರುವಾದರೆ ಸಾಕು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತಿದ್ದರು. ಕರೆಯನ್ನು ಮ್ಯೂಟೆಕ್ಸ್ ಹಿಡಿಯುವ ಮೊದಲಿಗೆ ಸರಿಸಿದೆ. ಚಿಪ್ ಸ್ಥಿತಿ ಬದಲಿಸುವಾಗ ಬಸ್ ದೋಷ ಬಂದು ಸಸ್ಪೆಂಡ್ ಕಾಲ್‌ಬ್ಯಾಕ್ ಸೋತು ಹಿಂತಿರುಗಿದರೆ ಮುಚ್ಚಿದ ಇಂಟರಪ್ಟನ್ನು ಅಲ್ಲೇ ತೆರೆಯಬೇಕು, ಇಲ್ಲದಿದ್ದರೆ ಆಳದ ಎಣಿಕೆ ತಪ್ಪುತ್ತದೆ ಎಂಬುದನ್ನೂ ಆ ಹೊತ್ತಿಗೇ ಸೇರಿಸಿದೆ.

ಎರಡನೆಯದು ಇನ್ನೂ ವಿಚಿತ್ರ. ಈಗ ಸಸ್ಪೆಂಡ್ ಸರಿಯಾಯಿತು, ಆದರೆ ತಟ್ಟಿದರೆ ಯಂತ್ರ ಏಳಲೇ ಇಲ್ಲ. ಇಂಟರಪ್ಟ್ ಮುಚ್ಚಿದೆಯೋ ತೆರೆದಿದೆಯೋ ಎಂಬುದಕ್ಕೂ ಅದು ಯಂತ್ರವನ್ನು ಎಬ್ಬಿಸಬಲ್ಲುದೋ ಎಂಬುದಕ್ಕೂ ನಂಟಿಲ್ಲ, ಮುಚ್ಚಿದ ಇಂಟರಪ್ಟ್ ಕೂಡ ಎಬ್ಬಿಸಬೇಕು ಎಂಬುದು ಕರ್ನಲ್‌ನ ನಿಯಮ; ಹಾಗಾಗದಿದ್ದರೆ ತಪ್ಪು ಇಂಟರಪ್ಟ್ ಕಂಟ್ರೋಲರ್‌ನ ಡ್ರೈವರ್‌ನಲ್ಲಿ ಎಂದು ಎಬ್ಬಿಸುವ ಗುರುತು ಹಚ್ಚುವ ಫಂಕ್ಷನ್‌ನ ಮೇಲಿನ ಟಿಪ್ಪಣಿಯೇ ಹೇಳುತ್ತದೆ. ನಮ್ಮ ಜಿಪಿಐಒ ಕಂಟ್ರೋಲರ್‌ನಲ್ಲಿ ಮಾಸ್ಕ್ ಬಿಟ್ ಹಾಕಿದರೆ ಎಬ್ಬಿಸುವ ಸಂಕೇತವೂ ಅಲ್ಲೇ ನಿಲ್ಲುತ್ತಿತ್ತು. ಇಂಥ ಹಾರ್ಡ್‌ವೇರ್‌ಗೆಂದೇ, ಎಬ್ಬಿಸುವ ಗುರುತುಳ್ಳ ಮುಚ್ಚಿದ ಇಂಟರಪ್ಟನ್ನು ಸಸ್ಪೆಂಡ್ ಕೊನೆಯಲ್ಲಿ ತೆರೆದು, ಎದ್ದ ಮೇಲೆ ಮೊದಲಿನಂತೆ ಮುಚ್ಚಿಡುವ ಒಂದು ಫ್ಲ್ಯಾಗ್ ಕರ್ನಲ್‌ನಲ್ಲಿದೆ. ಅದನ್ನು ಜಿಪಿಐಒ ಡ್ರೈವರ್‌ಗೆ ಹಾಕಿದೆವು.

ಐ2ಸಿ ಕಂಟ್ರೋಲರ್ ಡ್ರೈವರ್‌ನ ಸಸ್ಪೆಂಡ್-ರೆಸ್ಯೂಮ್‌ಗಳನ್ನು ನೋ-ಐಆರ್‌ಕ್ಯೂ ಹಂತಕ್ಕೆ ಸರಿಸುವ ಇನ್ನೊಂದು ದಾರಿಯೂ ಇತ್ತು. ಹಲವು ಕಂಟ್ರೋಲರ್ ಡ್ರೈವರ್‌ಗಳು ಹಾಗೆಯೇ ಮಾಡುತ್ತವೆ. ಆಗ ಇಂಟರಪ್ಟ್‌ಗಳು ತೆರೆಯುವ ಮೊದಲೇ ಬಸ್ ಸಿದ್ಧವಾಗಿರುತ್ತದೆ, ಆ ಬಸ್ ಮೇಲಿನ ಎಲ್ಲ ಚಿಪ್‌ಗಳಿಗೂ ಒಮ್ಮೆಗೇ ಉಪಕಾರ. ಅದನ್ನೂ ಆಮೇಲೆ ಮಾಡಿದೆವು. ಆದರೆ ಟಚ್ ತಿದ್ದುಪಡಿಗೆ ಅದನ್ನು ಬದಲಿಯಾಗಿ ನಾನು ಒಪ್ಪಲಿಲ್ಲ, ಏಕೆಂದರೆ ಬಸ್ ಬೇಗ ಎದ್ದರೂ ಚಿಪ್ ಇನ್ನೂ ತಟ್ಟು ಗುರುತಿಸುವ ಸ್ಥಿತಿಯಲ್ಲೇ ಇರುತ್ತದೆ. ಆ ಸ್ಥಿತಿಯಲ್ಲಿ ಅದು ಕಳಿಸುವ ಪ್ಯಾಕೆಟ್‌ನ ರೂಪವೇ ಬೇರೆ, ಹ್ಯಾಂಡ್ಲರ್ ಅದನ್ನು ಬೆರಳಿನ ಜಾಗವೆಂದು ಓದಿಕೊಂಡು ಪರದೆಯ ಯಾವುದೋ ಮೂಲೆಯಲ್ಲಿ ಒತ್ತಿದಂತೆ ವರದಿ ಮಾಡುತ್ತದೆ. ಹ್ಯಾಂಡ್ಲರ್ ಓಡಬೇಕಾದದ್ದು ಬಸ್ ಎದ್ದಾಗಲ್ಲ, ತನ್ನ ಚಿಪ್ ಎದ್ದಾಗ.

ಹ್ಯಾಂಡ್ಲರ್‌ನ "ನಿಭಾಯಿಸಲಿಲ್ಲ" ಎಂಬ ಉತ್ತರವನ್ನು ಹಾಗೆಯೇ ಉಳಿಸಿಕೊಂಡೆವು. ಕೊನೆಯ ಪರೀಕ್ಷೆಗೆ ಮತ್ತೆ ಪಿಎಂ ಟೆಸ್ಟ್ ಕಡತದಲ್ಲಿ "ಡಿವೈಸಸ್" ಬರೆದು, ಐದು ಸೆಕೆಂಡೂ ಬೆರಳನ್ನು ಪರದೆಯ ಮೇಲೆ ಒತ್ತಿ ಹಿಡಿದು, ಯಂತ್ರ ಮರಳಿದ ಕೂಡಲೇ ಬೆರಳೆತ್ತಿ, 57ನೆಯ ಸಾಲಿನ ಎಣಿಕೆ ನೋಡಿದೆವು. ಏರಿದ್ದು ಬೆರಳೆಣಿಕೆಯಷ್ಟು. ಆಸಿಲೋಸ್ಕೋಪ್ ಪರದೆಯ ಮೇಲೆ, ರೆಸ್ಯೂಮ್ ಕೊನೆಯಲ್ಲಿ, ಕೆಳಗೆ ನಿಂತಿದ್ದ ಗೆರೆ ಮೇಲೆದ್ದು ಅಲ್ಲೇ ಉಳಿಯಿತು.